ಒರೆಗಲ್ಲಿಗೆ ಉಜ್ಜಿದ ಬೆಳ್ಳಿ ನಾಣ್ಯ

ನಾಣ್ಯಗಳ ಹುಚ್ಚು ನನಗೆ ಹತ್ತಿದ್ದು ನಲವತ್ತು ದಾಟಿದ ಮೇಲೆ. ಹಳೆಯ ಕಾಸುಗಳಲ್ಲ; ಯಾವುದೋ ದೊಡ್ಡ ಸಂದರ್ಭದ ನೆನಪಿಗೆಂದು ಸರ್ಕಾರ ಹೊರಡಿಸುವ, ಅಂಗಡಿಯಲ್ಲಿ ಎಂದೂ ಓಡಾಡದ ಬೆಳ್ಳಿ ನಾಣ್ಯಗಳು. ಬಲ್ಲವರು ಪರೀಕ್ಷಿಸಿ, ಗ್ರೇಡ್ ಬರೆದು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡಿದ್ದಕ್ಕೆ ಬೆಲೆ ಜಾಸ್ತಿ. ಗ್ರೇಡ್ ಇಲ್ಲದ್ದು ಅಗ್ಗ. ಮಹಾ ಬುದ್ಧಿವಂತನಾದ ನಾನು ಅಗ್ಗದ್ದನ್ನೇ ಆನ್‌ಲೈನಿನಲ್ಲಿ ತರಿಸಿದೆ.

ಫೋಟೋದಲ್ಲಿ ಕನ್ನಡಿಯಂತಿತ್ತು. ಕೊಳ್ಳೇಗಾಲದ ನಮ್ಮ ಮನೆಗೆ ಕೊರಿಯರ್ ಬಂದ ದಿನ ಕಿಟಕಿಯ ಬಳಿ ಹಿಡಿದು ನೋಡಿದರೆ ಮೈತುಂಬ ಕೂದಲೆಳೆಯಂಥ ಗೀರುಗಳು. ಯಾರೋ ಬಟ್ಟೆಯಲ್ಲಿ ತಿಕ್ಕಿ ಹೊಳಪು ಬರಿಸಿದ್ದರು. ಸಂಗ್ರಹಕ್ಕೆ ಅಂಥದ್ದು ದಂಡ. ಬೆಳ್ಳಿಯಾದರೂ ಹೌದೋ ಅಲ್ಲವೋ ಎಂಬ ಅನುಮಾನವೂ ಹತ್ತಿತು. ಬಂದಂತೆಯೇ ಇದ್ದರೆ ಏಳು ದಿನದೊಳಗೆ ವಾಪಸ್ ಪಡೆಯುತ್ತೇನೆ ಎಂದು ಮಾರಿದವನು ಬರೆದಿದ್ದ. ನಾಳೆಯೇ ಕಳಿಸಬೇಕೆಂದುಕೊಂಡವನು, ಸುಮ್ಮನಿರಲಾರದೆ ಅಪ್ಪನಿಗೆ ತೋರಿಸಿದೆ.

ಅಪ್ಪ ಜೀವಮಾನವೆಲ್ಲ ರೇಷ್ಮೆ ಸೀರೆ ನೇಯ್ದವನು. ಜರಿ ಬಂದರೆ ಮಾರುವವನ ಮಾತಿಗೆ ಕಿವಿಗೊಡುತ್ತಿರಲಿಲ್ಲ. ಒಂದೆಳೆ ಎಳೆದು ಒರೆಗಲ್ಲಿಗೆ ಉಜ್ಜುತ್ತಿದ್ದ. ಬಿಳಿ ಗೆರೆ ಕಂಡರೆ ಬೆಳ್ಳಿ; ಕೆಂಪು ಗೆರೆ ಕಂಡರೆ ತಾಮ್ರ ಎಂದು ಪಕ್ಕಕ್ಕೆ ಎತ್ತಿಡುತ್ತಿದ್ದ. ಬೀದಿಯವರೆಲ್ಲ ತಮ್ಮ ಜರಿಯನ್ನು ಅವನ ಕೈಗೇ ತಂದುಕೊಡುತ್ತಿದ್ದರು. ಕಣ್ಣು ಮಂಜಾಗಿ ಮಗ್ಗ ಬಿಟ್ಟ ಮೇಲೆ ಅವನನ್ನು ಕೇಳಲು ಯಾರೂ ಬರುತ್ತಿರಲಿಲ್ಲ. ಅದನ್ನು ನೋಡಿ ನನಗೆ ಸಂಕಟವಾಗುತ್ತಿತ್ತು. ಅದಕ್ಕೇ, "ಬೆಳ್ಳಿ ಔದಾ ನೋಡಪ್ಪ" ಎಂದು ಕೊಟ್ಟು, ಕಾಫಿ ತರಲು ಒಳಗೆ ಹೋದೆ.

ಬರುವಷ್ಟರಲ್ಲಿ ನಾಣ್ಯದ ಅಂಚು ಕಲ್ಲಿನ ಮೇಲೆ ಉಜ್ಜಿಯಾಗಿತ್ತು.

"ಅಪ್ಪಟ ಬೆಳ್ಳಿ ಕಣ್ಲಾ. ಎದ್ರುಬ್ಯಾಡ, ಮಡೀಕೊ" ಎಂದ.

ಅವನ ಮುಖ ಎಷ್ಟು ದಿನದ ಮೇಲೆ ಅರಳಿತ್ತೋ. ಇನ್ನು ಇದನ್ನು ವಾಪಸ್ ಕಳಿಸುವಂತಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಮೋಸಹೋದ ಸಿಟ್ಟನ್ನು ಮರುದಿನ ಯಳಂದೂರಿನ ಬಸ್ಸಿನಲ್ಲಿ ಚಿಲ್ಲರೆ ಕೇಳಿದ ಕಂಡಕ್ಟರ್ ಮೇಲೆ ತೀರಿಸಿಕೊಂಡೆ, ಪಾಪ.

ಎರಡು ತಿಂಗಳಾದರೂ ನನಗೆ ಬುದ್ಧಿ ಬರಲಿಲ್ಲ. ಇನ್ನೊಂದು ತರಿಸಿದೆ, ಅದೂ ಗ್ರೇಡ್ ಇಲ್ಲದ್ದು. ಈ ಸಲ ಒಂದು ಗೀರೂ ಇರಲಿಲ್ಲ. ಕುಣಿಯುತ್ತ ಅಪ್ಪನ ಬಳಿ ಹೋದರೆ ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ನೀನೇ ನೋಡ್ಕೊ ಮಗ. ನಾನ್ ಮುಟ್ಟುದ್ರೆ ಕೆಡ್ತದೆ."

ಅವನು ಉಜ್ಜಿದ್ದಕ್ಕೇ ಮೊದಲ ನಾಣ್ಯ ವಾಪಸ್ ಹೋಗಲಿಲ್ಲ ಎಂದು ನನ್ನ ಹೆಂಡತಿ ಬಾಯಿತಪ್ಪಿ ಅವನಿಗೆ ಹೇಳಿಬಿಟ್ಟಿದ್ದಳು. ಇಷ್ಟು ದಿನವೂ ಅದನ್ನು ಮನಸ್ಸಿನಲ್ಲೇ ಇಟ್ಟುಕೊಂಡಿದ್ದನಲ್ಲ. ಹೊಸ ನಾಣ್ಯಕ್ಕೆ ಬೆರಳಿನ ಗುರುತು ಬಿದ್ದರೂ ಬೆಲೆ ಇಳಿಯುತ್ತದೆ. ಇಳಿದರೆ ಇಳಿಯಲಿ ಅನ್ನಿಸಿತು. ಅವನ ಕೈ ಬಿಡಿಸಿ, ಅಂಗೈ ಮೇಲೆ ನಾಣ್ಯ ಇಟ್ಟೆ.

ಅಪ್ಪ ಬೆರಳು ಮಡಿಸಲಿಲ್ಲ. ಅಂಗೈಯನ್ನು ಎರಡು ಸಲ ಮೇಲೆ ಕೆಳಗೆ ಆಡಿಸಿದ. ಹುಬ್ಬು ಗಂಟಿಕ್ಕಿದ.

"ಇದು ಅಗುರ ಅದೆ ಕಣ್ಲಾ. ಬೆಳ್ಳಿ ಅಲ್ಲ. ವಾಪಸ್ ಕಳುಸ್ಬುಡು."

ಪೇಟೆಯ ಅಕ್ಕಸಾಲಿಯ ತಕ್ಕಡಿಯೂ ಅದನ್ನೇ ಹೇಳಿತು. ನಕಲಿ ನಾಣ್ಯ ಬಂತೆಂದು ದಾರಿಯುದ್ದಕ್ಕೂ ನಗುತ್ತ ಮನೆಗೆ ಓಡಿದವನು ನಾನೊಬ್ಬನೇ ಇರಬೇಕು.