ಮೌಲಾಸಾಬರ ಕೈ ತಪ್ಪಿರಲಿಲ್ಲ

ಆ ನಕ್ಷೆಯನ್ನು ಹರಿದವಳು ನಾನು. ಕಾಗದ ಹಳೆಯದಾಗಿತ್ತು, ಮಡಿಕೆ ಅಂಟಿಕೊಂಡಿತ್ತು — ಇದೆಲ್ಲ ನಿಜ. ಆದರೆ ಎಳೆದದ್ದು ನನ್ನ ಕೈ. ಎಳೆದ ಮೇಲೆ ಸುಳ್ಳು ಬರೆದದ್ದೂ ಅದೇ ಕೈ. ಆ ಸುಳ್ಳು ಹೋಗಿ ಮೌಲಾಸಾಬ್ ಎಂಬ ಮನುಷ್ಯನ ಮೇಲೆ ಕೂತಿತು. ಎಂಟು ವರ್ಷ ಅದು ಅಲ್ಲೇ ಕೂತಿರಲು ಬಿಟ್ಟೆ.

ನನ್ನ ಹೆಸರು ರೇಣುಕಾ. ಅಪ್ಪ ಬಾದಾಮಿ ಕಡೆಯಿಂದ ಗೋವೆಗೆ ಗೌಂಡಿ ಕೆಲಸಕ್ಕೆ ಬಂದವನು. ನಾನು ಬೆಳೆದದ್ದು ಪಣಜಿ ಹತ್ತಿರದ ಚಿಂಬಲ್‌ನಲ್ಲಿ. ಕಂಪ್ಯೂಟರ್ ಕೋರ್ಸ್ ಮುಗಿಸಿದ ವರ್ಷ ಪಣಜಿಯ ಒಂದು ಹಳೆಯ ಗ್ರಂಥಾಲಯದಲ್ಲಿ ಗುತ್ತಿಗೆಯ ಮೇಲೆ ಕೆಲಸ ಸಿಕ್ಕಿತು. ಪೋರ್ಚುಗೀಸರ ಕಾಲದ ನಕ್ಷೆಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಸೇರಿಸುವ ಕೆಲಸ. ನಕ್ಷೆಯನ್ನು ಮೆತ್ತನೆಯ ಕುಂಚದಿಂದ ಒರೆಸಬೇಕು, ಮೇಜಿನ ಮೇಲೆ ಹರಡಬೇಕು, ಮೇಲಿನಿಂದ ಇಳಿಬಿಟ್ಟ ಕ್ಯಾಮೆರಾದಿಂದ ತುಂಡುತುಂಡಾಗಿ ಚಿತ್ರ ತೆಗೆದು ಜೋಡಿಸಬೇಕು. ಪ್ರತಿ ನಕ್ಷೆಗೂ ಒಂದು ಫಾರ್ಮ್. ಅದರಲ್ಲಿ ಒಂದು ಕಲಂ — ಸ್ಕ್ಯಾನ್ ಮಾಡುವ ಮೊದಲು ನಕ್ಷೆ ಹೇಗಿತ್ತು. ಅದನ್ನು ತುಂಬಿ ಸಹಿ ಮಾಡುವವಳು ನಾನು.

ನಕ್ಷೆಗಳು ನನ್ನ ಕೈಗೆ ಬರುವ ಮೊದಲು ಅವನ್ನು ಮುಟ್ಟುತ್ತಿದ್ದವರು ಮೌಲಾಸಾಬ್ ಕಾಕಾ. ವಿಜಯಪುರದವರು, ಇಪ್ಪತ್ತು ವರ್ಷಕ್ಕೂ ಮಿಕ್ಕಿ ಅಲ್ಲೇ ಬೈಂಡರ್. ಹುಳು ತಿಂದ ಕಾಗದಕ್ಕೆ ಹಿಂದಿನಿಂದ ತೆಳ್ಳನೆಯ ಟಿಶ್ಯೂ ಕೂರಿಸುವುದು, ಅಂಟಿಕೊಂಡ ಮಡಿಕೆಯನ್ನು ಹದವಾಗಿ ತೇವ ಕೊಟ್ಟು ಬಿಡಿಸುವುದು ಅವರ ಕೆಲಸ. ಅಂಟನ್ನು ಅವರೇ ಕುದಿಸುತ್ತಿದ್ದರು, ಬೆರಳ ನಡುವೆ ಎಳೆದು ಹದ ನೋಡುತ್ತಿದ್ದರು. ಆ ದೊಡ್ಡ ಕಟ್ಟಡದಲ್ಲಿ ನನ್ನೊಡನೆ ಕನ್ನಡ ಮಾತನಾಡುತ್ತಿದ್ದವರು ಅವರೊಬ್ಬರೇ. ನನಗೆ ಕುಂಚ ಹಿಡಿಯುವುದನ್ನು ಕಲಿಸಿದವರೂ ಅವರೇ. ಹರಿದ ಅಂಚು ಎಳೆ ಎದ್ದು ಒರಟಾಗಿದ್ದರೆ ಒದ್ದೆ ಕುಂಚದಿಂದ ಹೇಗೆ ಮೆತ್ತಗೆ ಕೂರಿಸಬೇಕು — ಅದನ್ನೂ ಅವರೇ ತೋರಿಸಿದ್ದರು. ಇದನ್ನು ಹೇಳಲೇಬೇಕು, ಯಾಕೆಂದರೆ ಮುಂದೆ ನಾನು ಮಾಡಿದ್ದು ಅದನ್ನೇ.

ಸಾಂಗೆ ತಾಲ್ಲೂಕಿನ ನಕ್ಷೆಗಳ ಕಟ್ಟು ಬಂದಾಗ ಮಳೆಗಾಲ ಆಗಷ್ಟೇ ಮುಗಿದಿತ್ತು. ಶನಿವಾರ ಹೊರಗಿನಿಂದ ದೊಡ್ಡವರು ಬರುವವರಿದ್ದರು. ನಕ್ಷೆ ವಿಭಾಗದ ಮೇಡಂ ನನಗೂ ಇನ್ನೊಬ್ಬ ಆಪರೇಟರ್‌ಗೂ ಹೇಳಿದರು — ಶುಕ್ರವಾರದೊಳಗೆ ಯಾರ ಕಟ್ಟು ಮುಗಿಯುತ್ತದೋ ಅವರು ಬಂದವರ ಮುಂದೆ ನಿಂತು ಯಂತ್ರ ತೋರಿಸಬೇಕು. ನನಗೆ ನಿಲ್ಲಬೇಕಿತ್ತು. ಗೌಂಡಿಯ ಮಗಳು ಆ ಜನರ ಮುಂದೆ ಇಂಗ್ಲಿಷಿನಲ್ಲಿ ನಾಲ್ಕು ಮಾತು ಹೇಳಬೇಕಿತ್ತು. ಕಾರಣ ಅಷ್ಟೇ. ದೊಡ್ಡ ಕಾರಣವೇನಾದರೂ ಇದ್ದಿದ್ದರೆ ಎಂದು ಎಷ್ಟೋ ಸಲ ಹುಡುಕಿದ್ದೇನೆ — ಇಲ್ಲ.

ಕಟ್ಟಿನಲ್ಲಿ ಒಂದೇ ನಕ್ಷೆ ಉಳಿದಿತ್ತು. ಗುಡ್ಡ, ಹೊಳೆ, ಅದರ ಬದಿಗೆ ಐದಾರು ಮನೆಗಳ ಒಂದು ಕೇರಿ, ಗೋವೆಯವರು ವಾಡೆ ಅನ್ನುವುದು. ಬಲಗಡೆಯ ಮಡಿಕೆಯನ್ನು ಕಾಕಾ ದುರಸ್ತಿ ಮಾಡಿ ಹಲಗೆಯ ಮೇಲೆ ಇಟ್ಟಿದ್ದರು.

"ಸೋಮವಾರದ ತನಕ ಇದನ್ನ ಮುಟ್ಟಬ್ಯಾಡ," ಅಂದಿದ್ದರು. "ಒಳಗ ಇನ್ನೊಂದು ಮಡಿಕಿ ಹಿಡಕೊಂಡೈತಿ. ಅದನ್ನ ನಾನ ಬಿಡಸ್ತೀನಿ."

ಶುಕ್ರವಾರ ಮಧ್ಯಾಹ್ನ ಅವರು ನಮಾಜಿಗೆ ಹೋದರು. ನಾನು ಹಲಗೆಯನ್ನು ನನ್ನ ಮೇಜಿಗೆ ತಂದೆ. ಒಳಗಿನ ಮಡಿಕೆಯ ತುದಿ ಹಿಡಿದು ನೋಡಿದೆ, ಸ್ವಲ್ಪ ಬಂತು. ಇನ್ನೂ ಸ್ವಲ್ಪ ಎಳೆದೆ. ಆಮೇಲೆ ಒಮ್ಮೆಲೇ ಅಂಗೈಯಗಲದ ಭಾಗ ಕಿತ್ತು ಬಂತು, ಕೈಯಲ್ಲೇ ಒಡೆದು ಹಪ್ಪಳದ ಚೂರಿನಂತೆ ಮೇಜಿನ ಮೇಲೆ ಬಿತ್ತು.

ನಮಾಜು ಮುಗಿಸಿ ಬಂದೊಡನೆ ಹೇಳಿದ್ದರೆ — ಕಾಕಾ ಬೈಯುತ್ತಿದ್ದರು, ಕೂತು ಜೋಡಿಸುತ್ತಿದ್ದರು, ಮುಗಿಯುತ್ತಿತ್ತು. ನಾನು ಚೂರುಗಳನ್ನು ಒಂದೊಂದಾಗಿ ಎತ್ತಿ ಬಟರ್ ಪೇಪರಿನ ಲಕೋಟೆಗೆ ಹಾಕಿ ಚೀಲದಲ್ಲಿಟ್ಟೆ. ನಕ್ಷೆಯಲ್ಲಿ ಉಳಿದ ಅಂಚು ಎಳೆ ಎದ್ದು ನಿಂತಿತ್ತು. ನೋಡಿದವರಿಗೆ ಹರಿದದ್ದೆಂದು ಗೊತ್ತಾಗುವಂತಿತ್ತು. ಕುಂಚ ಒದ್ದೆ ಮಾಡಿ ಅಂಚನ್ನು ಸವರಿದೆ. ಎರಡು ಸಲ. ತಾನಾಗಿ ಕಳಚಿದಂತೆ ಕಾಣುವವರೆಗೆ. ಆಮೇಲೆ ಚಿತ್ರ ತೆಗೆದೆ. ಫಾರ್ಮಿನ ಆ ಕಲಂನಲ್ಲಿ ಬರೆದೆ: ದುರಸ್ತಿಯಾದ ಮಡಿಕೆಯಲ್ಲಿ ಒಂದು ಭಾಗ ಕಳಚಿ ಹೋಗಿದೆ, ತುಂಡುಗಳು ಸಿಕ್ಕಿಲ್ಲ. ಸಹಿ ಮಾಡಿದೆ.

ಕೈ ಜಾರಿದ್ದನ್ನು ತಪ್ಪು ಅನ್ನಬಹುದೇನೋ. ಕುಂಚ ಒದ್ದೆ ಮಾಡಿದ್ದನ್ನು ಏನನ್ನಬೇಕು...

ಶನಿವಾರ ಯಂತ್ರದ ಮುಂದೆ ನಾನೇ ನಿಂತೆ. ಬಂದವರಲ್ಲಿ ಒಬ್ಬರು ನನ್ನ ಹೆಸರು ಕೇಳಿ ಬರೆದುಕೊಂಡರು.

ಸೋಮವಾರ ಮೇಡಂ ಫಾರ್ಮ್ ನೋಡಿ ಕಾಕಾನನ್ನು ಕರೆದರು. ಅವರು ನಕ್ಷೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಅಂಚಿನ ಮೇಲೆ ಬೆರಳಾಡಿಸಿದರು. ತುಂಬ ಹೊತ್ತು. ನನ್ನ ಮೇಲೆ ಅವರಿಗೆ ಸಂಶಯ ಬಂದಿರಲಿಲ್ಲ — ಬಂದಿದ್ದರೆ ಹಾಗೆ ಕೇಳುತ್ತಿರಲಿಲ್ಲ. ಮುಟ್ಟಬೇಡ ಅಂದಿದ್ದನ್ನು ನಾನು ತೆಗೆದದ್ದು ಶನಿವಾರದ ಅವಸರಕ್ಕೆ ಎಂದುಕೊಂಡಿರಬೇಕು.

"ರೇಣುಕವ್ವ, ನೀ ತಗದಾಗ ಇದು ಹಿಂಗ ಇತ್ತೇನು?"

"ಹೌದ್ರಿ ಕಾಕಾ. ಹಿಂಗ ಇತ್ತು."

ಅವರು ತಲೆಯಾಡಿಸಿದರು. ಮೇಡಂ ಕಡೆಗೆ ತಿರುಗಿ ಹಿಂದಿಯಲ್ಲಿ, ಅಂಟು ನೀರಾಗಿತ್ತೇನೋ, ತಪ್ಪು ನನ್ನದೇ, ಅಂದರು.

ಯಾರೂ ಅವರನ್ನು ಕೆಲಸದಿಂದ ತೆಗೆಯಲಿಲ್ಲ. ಮೇಡಂ ಗಟ್ಟಿಯಾಗಿ ಒಂದು ಮಾತೂ ಆಡಲಿಲ್ಲ. ಆದರೆ ಆಮೇಲೆ ಕಾಕಾ ಅಂಟು ಕುದಿಸುವಾಗ ಮೂರು ಮೂರು ಸಲ ಹದ ನೋಡತೊಡಗಿದರು. ಒಂದು ದಿನ ಕುದಿಸಿದ್ದನ್ನೆಲ್ಲ ಚೆಲ್ಲಿ ಮತ್ತೆ ಕುದಿಸಿದರು. ದೀಪಾವಳಿ ಕಳೆದ ಮೇಲೆ, ಕಣ್ಣು ಮಂದ ಆಗ್ಯಾವ ಎಂದು ಹೇಳಿ ಕೆಲಸ ಬಿಟ್ಟರು. ಹೋಗುವಾಗ ಮಡಿಕೆ ಒತ್ತುವ ತಮ್ಮ ಎಲುಬಿನ ಪಟ್ಟಿಯನ್ನು ನನ್ನ ಮೇಜಿನ ಮೇಲಿಟ್ಟು, "ನಿನಗ ಬೇಕಾಗ್ತೈತಿ, ಇಟಗೋ" ಅಂದರು. ನಾನು ತೆಗೆದುಕೊಂಡೆ. ದಿನವೂ ಬಳಸಿದೆ.

ಲಕೋಟೆಯನ್ನು ಬಿಸಾಡಲಾಗಲಿಲ್ಲ. ಚಿಂಬಲ್‌ನ ಮನೆಯಲ್ಲಿ ಅವ್ವನ ಟ್ರಂಕಿನೊಳಗೆ ಸೀರೆಗಳ ನಡುವೆ ಇಟ್ಟೆ. ಪ್ರತಿ ಮಳೆಗಾಲ ತೆಗೆದು ನೋಡುತ್ತಿದ್ದೆ, ಬೂಸ್ಟು ಹಿಡಿದಿಲ್ಲವೆಂದು ಸಮಾಧಾನ ಮಾಡಿಕೊಂಡು ಮತ್ತೆ ಇಡುತ್ತಿದ್ದೆ. ಕಾಗದವನ್ನು ಜೋಪಾನ ಮಾಡುತ್ತಿದ್ದೇನೆ, ನಾನು ಪೂರಾ ಕೆಟ್ಟವಳಲ್ಲ — ಹೀಗೆ ಅಂದುಕೊಳ್ಳಲು ಅದು ಸಾಕಾಗುತ್ತಿತ್ತು. ಅಷ್ಟರಲ್ಲಿ ನನ್ನ ಕೆಲಸ ಕಾಯಂ ಆಗಿತ್ತು. ಹೊಸದಾಗಿ ಬಂದವರಿಗೆ ಹಳೆಯ ಕಾಗದವನ್ನು ಎಳೆಯಬಾರದೆಂದು ಪಾಠ ಹೇಳುತ್ತಿದ್ದೆ.

ಹೋದ ವರ್ಷ ಸಾಂಗೆಯ ಒಳಗಿನ ವಾಡೆಯೊಂದರಿಂದ ಶೆವಂತಿಬಾಯಿ ಎಂಬ ವಯಸ್ಸಾದ ಹೆಂಗಸು ಗ್ರಂಥಾಲಯಕ್ಕೆ ಬಂದರು. ಅವರ ಮನೆಗಳ ಹಿಂದಿನ ಗುಡ್ಡವನ್ನು ಯಾರೋ ಕೊಂಡು ತಂತಿಬೇಲಿ ಹಾಕಿದ್ದರು. ನೀರಿನ ಝರಿಗೂ ಸುಡುಗಾಡಿಗೂ ಹೋಗುವ ಕಾಲುದಾರಿ ಬೇಲಿಯೊಳಗೆ ಸಿಕ್ಕಿತ್ತು. ಅಲ್ಲಿ ದಾರಿಯೇ ಇರಲಿಲ್ಲ ಎಂದು ಕೊಂಡವರ ವಾದ. ಹಳೆಯ ನಕ್ಷೆಯಲ್ಲಿ ದಾರಿ ಇದ್ದರೆ ತನ್ನಿ ಎಂದು ತಾಲ್ಲೂಕು ಕಚೇರಿಯಲ್ಲಿ ಹೇಳಿದ್ದರಂತೆ. ತಿಂಗಳ ಹಿಂದೆ ಗಂಡ ತೀರಿಕೊಂಡಾಗ ಹೆಣವನ್ನು ಬೇಲಿ ಸುತ್ತಿ, ಡಾಂಬರು ರಸ್ತೆಯ ಮೇಲೆ ಹೊತ್ತುಕೊಂಡು ಹೋಗಬೇಕಾಯಿತು — ಇದನ್ನು ಅವರು ಅಳದೆ ಹೇಳಿದರು, ಬಸ್ಸು ತಡವಾದ ಸುದ್ದಿಯಂತೆ.

ನಾನು ಕಂಪ್ಯೂಟರಿನಲ್ಲಿ ಊರಿನ ಹೆಸರು ಹಾಕಿ ಹುಡುಕಿದೆ. ತೆರೆದುಕೊಂಡ ಮೇಲೆ ಗೊತ್ತಾಯಿತು, ಯಾವ ನಕ್ಷೆಯೆಂದು.

ವಾಡೆಯ ಮನೆಗಳಿಂದ ಚುಕ್ಕೆಚುಕ್ಕೆಯ ಗೆರೆಯೊಂದು ಹೊರಟು ಗುಡ್ಡದ ಕಡೆ ಹೋಗುತ್ತಿತ್ತು. ಬಲಗಡೆ ನಾನು ಸವರಿದ ಅಂಚಿನ ಹತ್ತಿರ ಬಂದು ನಿಂತುಬಿಟ್ಟಿತ್ತು. ಅದರಾಚೆ ಬರೀ ಬಿಳಿ. ಶೆವಂತಿಬಾಯಿ ಪರದೆಯ ಹತ್ತಿರ ಬಗ್ಗಿ ಆ ಬಿಳಿಯ ಮೇಲೆ ಬೆರಳಿಟ್ಟರು.

"ಆಮ್ಚಿ ವಾಟ್ ಖಂಯ್ ಆಸಾ, ಬಾಯ್?"

ನಮ್ಮ ದಾರಿ ಎಲ್ಲಿದೆ ಎಂದು ಕೇಳುತ್ತಿದ್ದರು. ದಾರಿ ನನ್ನ ಮನೆಯ ಟ್ರಂಕಿನಲ್ಲಿತ್ತು.

ನಾಳೆ ಬನ್ನಿ, ಎಂದು ಕಳಿಸಿದೆ. ಆಗಲೂ ಎರಡು ದಿನ ತಡಮಾಡಿದೆ — ಇದನ್ನೂ ಬರೆಯಬೇಕು. ಮರುದಿನ ಅವರು ಬಂದಾಗ ಸರ್ವರ್ ಕೆಟ್ಟಿದೆ ಎಂದು ಇನ್ನೊಂದು ಸುಳ್ಳು ಹೇಳಿದೆ. ಅವರು ಸಾಂಗೆಯಿಂದ ಎರಡು ಬಸ್ಸು ಬದಲಿಸಿ ಬಂದಿದ್ದರು. ಮೆಟ್ಟಿಲಿಳಿದು ಹೋದರು. ಆ ಬೆನ್ನು ನೋಡಿದ ಮೇಲೆ ಮಾತ್ರ... ಮರುದಿನ ಬೆಳಗ್ಗೆ ಲಕೋಟೆ ತಂದು ಮೇಡಂ ಮುಂದೆ ಇಟ್ಟು, ನಡೆದದ್ದು ಹೇಳಿದೆ.

ಅವರು ಹಿಂದಿಯಲ್ಲಿ ಮೊದಲು ಕೇಳಿದ್ದು ಇಷ್ಟು: "ಇಷ್ಟು ವರ್ಷ ಇದನ್ನು ಎಲ್ಲಿಟ್ಟಿದ್ದೆ? ಒದ್ದೆಯಾಗಿಲ್ಲ ತಾನೆ?" ಚೂರುಗಳನ್ನೆಲ್ಲ ನೋಡಿದ ನಂತರವೇ ನನ್ನ ಮುಖ ನೋಡಿದರು. "ಮೌಲಾಸಾಬ್ ಇಲ್ಲೇ ನಿಂತು ನನ್ನ ತಪ್ಪು ಅಂದಾಗ ನೀನೂ ಇಲ್ಲೇ ನಿಂತಿದ್ದೆ," ಅಂದರು. ಬೇರೆ ಬೈಗುಳವಿರಲಿಲ್ಲ. ಇಂಗ್ಲಿಷಿನಲ್ಲಿ ಐದು ಸಾಲಿನ ಹೇಳಿಕೆ ಬರೆಸಿಕೊಂಡರು. ನನ್ನನ್ನು ನಕ್ಷೆ ಕೆಲಸದಿಂದ ತೆಗೆದು ಹಳೆಯ ಪತ್ರಿಕೆಗಳ ಕೋಣೆಗೆ ಹಾಕಿದರು. ವಿಚಾರಣೆ ಇನ್ನೂ ನಡೆದಿದೆ.

ಹೊರಗಿನಿಂದ ಒಬ್ಬ ದುರಸ್ತಿಗಾರರು ಬಂದು ಚೂರುಗಳನ್ನು ಗಾಜಿನ ಕೆಳಗೆ ಜೋಡಿಸಿದರು. ಅದನ್ನು ಮತ್ತೆ ಸ್ಕ್ಯಾನ್ ಮಾಡಲಾಯಿತು. ಒಂದು ಚೂರು ಪುಡಿಯಾಗಿ ಹೋಗಿದೆ. ಆದರೂ ಗೆರೆ ಗುಡ್ಡ ಹತ್ತಿ ಝರಿಯ ಗುರುತಿನವರೆಗೆ ಹೋಗುವುದು ಕಾಣುತ್ತದೆ. ಮುದ್ರೆ ಹಾಕಿದ ಪ್ರತಿಯನ್ನು ಶೆವಂತಿಬಾಯಿಗೆ ಕೊಟ್ಟರು. ಅವರ ಅರ್ಜಿ ತಾಲ್ಲೂಕು ಕಚೇರಿಯಲ್ಲಿದೆ. ಬೇಲಿ ಇನ್ನೂ ಇದೆ.

ಕಾಕಾನ ಮನೆಗೆ ಹೋಗುವುದು ಉಳಿದಿತ್ತು. ಅವರು ಸಾವರ್ಡೆಯಲ್ಲಿ, ಟ್ರಕ್ ಓಡಿಸುವ ಮಗನ ಜೊತೆ ಇದ್ದಾರೆ. ಚೂರುಗಳನ್ನು ಹೊರಗೆ ಒಯ್ಯುವಂತಿರಲಿಲ್ಲ. ನಾನು ಕುಂಚ ತಾಗಿಸದೆ ಉಳಿದಿದ್ದ ಅವುಗಳ ಅಂಚನ್ನು ದೊಡ್ಡದಾಗಿ ಚಿತ್ರ ತೆಗೆದ ಎರಡು ಹಾಳೆಗಳನ್ನು ಮೇಡಂ ಕೊಟ್ಟು ಕಳಿಸಿದರು.

ನಾನು ಹೋದಾಗ ಮೊಮ್ಮಗಳು ಹೊಸ್ತಿಲಲ್ಲಿ ಕೂತು ಶಾಲೆಯ ಪುಸ್ತಕಗಳಿಗೆ ರಟ್ಟು ಹಾಕುತ್ತಿದ್ದಳು. ಮೂಲೆಗಳು ಸೊಟ್ಟಸೊಟ್ಟ. ಕಾಕಾ ಅಲ್ಲೇ ಮಂಚದ ಮೇಲೆ ಕೂತು ಬೀದಿ ನೋಡುತ್ತಿದ್ದರು. ನನ್ನ ಕಣ್ಣು ಎಲ್ಲಿ ಹೋಯಿತೆಂದು ಬಾಗಿಲಿಗೆ ಬಂದ ಅವರ ಹೆಂಡತಿ ಕಾಕಿಗೆ ಗೊತ್ತಾಗಿರಬೇಕು. "ಅವರು ಈಗ ಕಾಗದ ಮುಟ್ಟಂಗಿಲ್ಲವ್ವಾ," ಅಂದರು. "ಹಾಳ ಮಾಡತೀನಿ ಅಂತಾರ."

ಕುಳಿತುಕೊಳ್ಳದೆ ಹೇಳಿದೆ. ಶುಕ್ರವಾರ ಮಧ್ಯಾಹ್ನ, ಹಲಗೆ, ಎಳೆದದ್ದು, ಕುಂಚ. ಕುಂಚದ ಮಾತು ಬಂದಾಗ ಕಾಕಾ ಕಣ್ಣೆತ್ತಿ ನನ್ನ ಕೈಯಲ್ಲಿದ್ದ ಹಾಳೆಗಳನ್ನು ನೋಡಿದರು.

"ಹಾಳಿ ತಂದಿಯೇನು? ಕೊಡು."

ಅವರು ನನ್ನ ಮಾತನ್ನು ನಂಬಲಿಲ್ಲ, ನಂಬಬೇಕಾಗಿಯೂ ಇರಲಿಲ್ಲ. ಬಾಗಿಲ ಬೆಳಕಿಗೆ ಹೋಗಿ, ಹಾಳೆಯನ್ನು ದೂರ ಹಿಡಿದು, ಹತ್ತಿರ ತಂದು, ಮತ್ತೆ ದೂರ ಹಿಡಿದು ನೋಡಿದರು. ಆಮೇಲೆ ನನಗಲ್ಲ, ತಮಗೇ ಎಂಬಂತೆ ಹೇಳಿದರು: "ಎಳಿ ನೋಡು, ಹೆಂಗ ನಿಂತಾವ. ಇದು ಎಳದಿದ್ದು. ಅಂಟು ಬಿಟ್ಟಿದ್ದಲ್ಲ."

ಕಾಕಿ ಚಹಾ ತಂದರು. ಅವರು ಮುಟ್ಟಲಿಲ್ಲ, ನಾನೂ ಮುಟ್ಟಲಿಲ್ಲ.

"ಎಂಟು ವರ್ಷ," ಅಂದರು. "ಆ ದಿನ ಅಂಟಿಗೆ ಎಷ್ಟು ನೀರು ಹಾಕಿದ್ದೆ ಅಂತ ಇನ್ನೂ ನೆನಸ್ಕೋತ ಕುಂದರತೇನಿ. ಕಣ್ಣು ಚಲೋನ ಇದ್ದವು. ಕೈ ಮ್ಯಾಲಿನ ನಂಬಿಕಿ ಹೋತು. ಈಗ ನೋಡು, ಖರೇನ ನಡಗಾಕತ್ತಾವ."

ಕೈ ಚಾಚಿ ತೋರಿಸಿದರು.

ಅಷ್ಟು ದಿನ ನಾನು ಅವರ ಕೆಲಸ ಕಳೆದೆ ಎಂದುಕೊಂಡಿದ್ದೆ. ಕಳೆದದ್ದು ಅದಲ್ಲ. ಬೇರೆ ಯಾರಿಗಾದರೂ ಆಗಿದ್ದರೆ ನೌಕರಿ ಹೋದದ್ದಕ್ಕೆ ಸಿಟ್ಟು ಮಾಡಲು ಒಬ್ಬ ಮನುಷ್ಯನಾದರೂ ಸಿಗುತ್ತಿದ್ದ. ಇವರಿಗೆ ಸಿಕ್ಕಿದ್ದು ತಮ್ಮವೇ ಎರಡು ಕೈ.

ಕ್ಷಮಿಸ್ರಿ ಎನ್ನಲು ಬಾಯಿ ತೆರೆದೆ. ಅವರು ತಡೆದರು.

"ಅದು ಬ್ಯಾಡ. ನನ್ನ ಮಗ ಬೀಗರ ಮುಂದ ನಕ್ಕೋತ ಹೇಳ್ತಾನ — ನಮ್ಮಪ್ಪ ಪೋರ್ಚುಗೀಸರ ನಕ್ಷಿ ತಿಂದಾನ ಅಂತ. ನಾನೂ ಅವರ ಜೋಡಿ ನಗತೇನಿ. ನೀ ಆದದ್ದು ಆದಂಗ ಬರದ ತಾ. ಕನ್ನಡದಾಗ. ನಿನ್ನ ಹೆಸರು ಹಾಕಿ. ಇಂಗ್ಲಿಷ್ ಕಾಗದ ನಮ್ಮ ಮನ್ಯಾಗ ಯಾರು ಓದತಾರ?"

"ಬರೀತೀನ್ರಿ ಕಾಕಾ."

"ನಾಕ ಗಂಟೆಕ್ಕ ಬಸ್ ಐತಿ," ಅಂದರು. ಇನ್ನು ಹೋಗು ಎಂದು ಅರ್ಥ. ಹಾಳೆಗಳನ್ನು ಮಾತ್ರ ವಾಪಸು ಕೊಡಲಿಲ್ಲ.

ಬರೆದದ್ದು ಇದು. ಮೊದಲು ಬರೆದಾಗ ನಮ್ಮ ಮನೆಯ ಬಡತನ, ನನ್ನ ವಯಸ್ಸು, ಹೆದರಿಕೆ ಎಲ್ಲವೂ ಇದರಲ್ಲಿದ್ದವು. ಓದಿ ನೋಡಿದೆ, ತೆಗೆದುಹಾಕಿದೆ. ಬರುವ ಭಾನುವಾರ ಅವರ ಮಗ ಮನೆಯಲ್ಲಿರುತ್ತಾನೆ, ಬೀಗರೂ ಬರುತ್ತಾರಂತೆ. ಎಲ್ಲರೂ ಕೂತಿರುವಾಗ ನೀನೇ ಬಂದು ಓದು ಎಂದು ಕಾಕಾ ಹೇಳಿ ಕಳಿಸಿದ್ದಾರೆ. ಹೋಗುತ್ತೇನೆ. ಆ ಮಗನ ಮುಖ ನೋಡಿಕೊಂಡೇ ಓದುತ್ತೇನೆ.