ಗ್ಲೌಸ್ ತೆಗಿ, ಮಾಸ್ಕ್ ಹಾಕು

ಅವಳು ಕೂತದ್ದನ್ನು ಕಂಡವರಿಲ್ಲ. ಬಿಸ್ಕತ್ತು ಕಾರ್ಖಾನೆಯ ಪ್ಯಾಕಿಂಗ್ ಸಾಲಿನಲ್ಲಿ ಎಲ್ಲರೂ ಅವಳನ್ನು ಕರೆಯುವುದು ಗಿರಗಿಟ್ಲೆ ಎಂದೇ. ಊಟದ ಬಿಡುವಿನಲ್ಲೂ ಡಬ್ಬಿ ಹಿಡಿದು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ನಲ್ಲಿಗೆ ಓಡಾಡುತ್ತಲೇ ತುತ್ತು ಇಳಿಸುವವಳು. ‘ಕಾಲಿಗೆ ಚಕ್ರ ಕಟ್ಕೊಂಡೇ ಹುಟ್ಟಿದೀಯೇನೇ?’ ಎಂದು ಉಪ್ಪಿನಕ್ಕ ರೇಗಿಸಿದರೆ, ‘ಕೂತ್ರೆ ತುಕ್ಕು ಹಿಡಿಯುತ್ತೆ ಕಣೇ, ನಿನ್ನ ಹಾಗೆ’ ಎಂಬ ಉತ್ತರ ಸಿದ್ಧ. ಉಪ್ಪಿನಕ್ಕ ಅವಳ ಪಕ್ಕದಲ್ಲೇ ನಿಲ್ಲುವ ಹಳೆಯ ಗೆಳತಿ. ಹಿಂದೊಮ್ಮೆ ಬಿಸ್ಕತ್ತಿನ ಮೇಲೆ ಕೈಯಲ್ಲೇ ಹರಳುಪ್ಪು ಉದುರಿಸುತ್ತಿದ್ದವಳು. ಆ ಕೆಲಸವನ್ನು ಯಂತ್ರ ನುಂಗಿದೆ, ಹೆಸರನ್ನು ನುಂಗಲಾಗಿಲ್ಲ.

ಆದರೆ ಈಚೆಗೆ ಗಿರಗಿಟ್ಲೆಯ ಚಡಪಡಿಕೆಯ ಬಗೆಯೇ ಬೇರೆಯಾಗಿತ್ತು. ಕಾಲಿಗಿಂತ ಹೆಚ್ಚಾಗಿ ಕೈ ಚಡಪಡಿಸುತ್ತಿತ್ತು. ಬಲಗೈಯನ್ನು ಕೊಡವುತ್ತಿದ್ದಳು, ಸೆರಗಿಗೆ ಉಜ್ಜುತ್ತಿದ್ದಳು, ಕಂಕುಳಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದಳು. ಯಾರಾದರೂ ನೋಡಿದರೆ ಕೂದಲು ಸರಿಮಾಡಿಕೊಳ್ಳುವ ನೆಪ. ಹೆಬ್ಬೆರಳು, ತೋರುಬೆರಳು ಎರಡೂ ಮರಗಟ್ಟಿದ್ದವು. ಮೊದಮೊದಲು ಜುಮುಗುಟ್ಟುತ್ತಿದ್ದವು; ಈಗ ಅದೂ ಇಲ್ಲ. ಮನೆಯಲ್ಲಿ ಒಲೆಯ ಮೇಲಿನ ಪಾತ್ರೆಯನ್ನು ಬಟ್ಟೆಯಿಲ್ಲದೆ ಇಳಿಸಿದಳೆಂದು ಗಂಡ ಹುಬ್ಬೇರಿಸಿದ್ದ. ‘ಏನೇ, ಕೈಯಲ್ಲಿ ಜೀವ ಇದೆಯೋ ಇಲ್ವೋ?’ ಅವನದು ತಮಾಷೆ. ಅವಳು ನಗಲಿಲ್ಲ.

ಅದು ಬಂದದ್ದು ಎಲ್ಲಿಂದ ಎಂದು ಅವಳಿಗೆ ವೈದ್ಯರು ಹೇಳಬೇಕಾಗಿರಲಿಲ್ಲ. ಆ ಕಾರ್ಖಾನೆಯಲ್ಲಿ ತಯಾರಾಗುವುದು ಪ್ರೆಟ್ಜೆಲ್. ಡಬ್ಬದ ಮೇಲೆ ಹಾಗೆ ಬರೆದಿರುತ್ತದೆ. ಸಾಲಿನ ಹೆಂಗಸರಿಗೆ ಅದು ಗಂಟು ಬಿಸ್ಕತ್ತು. ಹಿಟ್ಟಿನ ಎಳೆಯನ್ನು ಗಂಟು ಹಾಕಿ, ಉಪ್ಪು ಹಚ್ಚಿ, ಗರಿಗರಿಯಾಗಿ ಸುಟ್ಟದ್ದು. ಬೆಲ್ಟಿನ ಮೇಲೆ ಅದು ಹರಿದು ಬರುತ್ತಿದ್ದಂತೆ ಒಡೆದದ್ದನ್ನು ಹೆಬ್ಬೆರಳು ತೋರುಬೆರಳಲ್ಲಿ ಚಿವುಟಿ ತೆಗೆದು ಪಕ್ಕದ ಟಬ್ಬಿಗೆ ಎಸೆಯಬೇಕು. ಚಿವುಟು, ಎಸೆ. ಚಿವುಟು, ಎಸೆ. ಬೆಲ್ಟಿಗೆ ಆಯಾಸವಿಲ್ಲ. ಮದುವೆಯಾದ ಹೊಸದರಲ್ಲಿ ಆ ಸಾಲಿಗೆ ಸೇರಿದವಳು, ಈಗ ಮನೆಗೆ ಸೊಸೆ ಬಂದಿದ್ದಾಳೆ. ಅಷ್ಟು ಕಾಲದ ಚಿವುಟುವಿಕೆ ಎರಡು ಬೆರಳನ್ನು ತಿಂದುಹಾಕಿತ್ತು.

ಹೇಳಬಹುದಿತ್ತಲ್ಲ ಎನ್ನುವವರಿಗೆ ಒಂದು ಮಾತು. ಆ ಕಾರ್ಖಾನೆಯಲ್ಲಿ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ. ಹಾಗೆಲ್ಲ ಒರಟಾಗಿ ನಡೆದುಕೊಳ್ಳುವ ಜನವಲ್ಲ ಅವರು. ‘ವಿಶ್ರಾಂತಿ’ ಕೊಡುತ್ತಾರೆ. ಭುಜ ಹಿಡಿದಿದೆ ಎಂದವಳಿಗೆ ವಿಶ್ರಾಂತಿ. ಮಣಿಕಟ್ಟು ಊದಿದೆ ಎಂದವಳಿಗೂ ವಿಶ್ರಾಂತಿ. ಒಂದು ಶಾಲು, ಒಂದು ಗೋಡೆ ಗಡಿಯಾರ, ಗೇಟಿನವರೆಗೆ ಚಪ್ಪಾಳೆ. ಇನ್ನು ಹೊತ್ತು ಹೋಗದವರಿಗೆ ಗಡಿಯಾರ ಕೊಡುವ ಬುದ್ಧಿ ಯಾರದೋ! ಸಾಲಿನಲ್ಲಿ ಉಳಿದವರು ಇದರಿಂದ ಕಲಿತ ಪಾಠ ಒಂದೇ: ಬಾಯಿ ಬಿಟ್ಟರೆ ಬಣ್ಣಗೇಡು. ಗ್ಲೌಸ್ ಹಾಕಿಕೊಂಡರೆ ಎಲ್ಲರ ಕೈಯೂ ಒಂದೇ ಥರ ಕಾಣುತ್ತದೆ. ಗಿರಗಿಟ್ಲೆ ಬದುಕಿದ್ದೇ ಗ್ಲೌಸಿನ ಮರೆಯಲ್ಲಿ.

ವಿಶ್ರಾಂತಿಯ ಭಯದ ಜೊತೆಗೆ ಇನ್ನೊಂದೂ ಸೇರಿಕೊಂಡಿತ್ತು. ಸೊಸೆಗೂ ಅದೇ ಸಾಲಿನಲ್ಲಿ ಜಾಗ ಕೇಳಿದ್ದಳು. ಮ್ಯಾನೇಜರ್ ಒಪ್ಪಿದ್ದ, ಸೋಮವಾರದಿಂದ ಬರಲಿ ಎಂದಿದ್ದ. ಮ್ಯಾನೇಜರನಿಗೆ ಹೆಂಗಸರು ಇಟ್ಟ ಹೆಸರು ಸೀಟಿ. ಮೇಲ್ವಿಚಾರಕನಾಗಿದ್ದಾಗ ಕೊರಳಲ್ಲಿ ಸೀಟಿ ನೇತುಹಾಕಿಕೊಂಡು ಊದುತ್ತಿದ್ದ; ಬಡ್ತಿ ಸಿಕ್ಕ ಮೇಲೆ ಸೀಟಿಯ ಬದಲು ಟೈ ಬಂತು, ಸದ್ದು ಅದೇ. ಅತ್ತೆಯ ಬೆರಳು ಹೋದ ಸುದ್ದಿ ಅವನಿಗೆ ಗೊತ್ತಾದರೆ ಅತ್ತೆಗೆ ಗಡಿಯಾರ, ಸೊಸೆಗೆ ‘ಆಮೇಲೆ ನೋಡೋಣ’. ಅವಳೇ ಹುಡುಕಿ ಕೊಡಿಸಿದ ಕೆಲಸ, ಅವಳಿಂದಲೇ ತಪ್ಪಬಾರದು. ಆದರೂ ಆ ಹುಡುಗಿಯ ಬೆರಳುಗಳನ್ನು, ಅವಳು ಸೂಜಿಗೆ ದಾರ ಪೋಣಿಸುವಾಗ, ಹೂವಿನ ಗಿಡದ ಎಲೆ ಒರೆಸುವಾಗ, ನೋಡಿದಾಗಲೆಲ್ಲ ಗಿರಗಿಟ್ಲೆ ತನ್ನ ಬಲಗೈಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದಳು. ಬಿಸಿ ತುಪ್ಪ. ನುಂಗಲೂ ಆಗದು, ಉಗುಳಲೂ ಆಗದು.

ಹೀಗಿರುವಾಗ ವರ್ಷದ ಕೊನೆಯ ಪಾರ್ಟಿ ಬಂತು.

ಅದು ಹೆಂಗಸರದೇ ಪಾರ್ಟಿ. ಒಡೆದ ಗಂಟುಗಳೆಲ್ಲ ದಿನವೂ ದನದ ಮೇವಿಗೆ ಹೋಗುತ್ತಿದ್ದವು. ಆ ಒಂದು ದಿನದ ಟಬ್ಬು ಮಾತ್ರ ಸಾಲಿನವರದು. ಯಾರು ಮಾಡಿದ ನಿಯಮವೋ, ಯಾರೂ ಮುರಿದಿರಲಿಲ್ಲ. ಕ್ಯಾಂಟೀನಿನ ಮೇಜಿನ ಮೇಲೆ ಒಲೆ, ಒಲೆಯ ಮೇಲೆ ಕುದಿನೀರಿನ ಪಾತ್ರೆ, ಅದರ ಮೇಲೆ ಬಟ್ಟಲು, ಬಟ್ಟಲಲ್ಲಿ ಚಾಕೊಲೇಟ್ ಗಟ್ಟಿ. ಅದು ಕರಗಿ ರೇಷ್ಮೆಯಂತಾದಾಗ ಗಂಟಿನ ತುಂಡುಗಳನ್ನು ಅದ್ದಿ, ಬಣ್ಣದ ಸಕ್ಕರೆ ಕಾಳು ಉದುರಿಸಿ, ಎಣ್ಣೆ ಕಾಗದದ ಮೇಲೆ ಆರಲು ಬಿಡುವುದು. ಆರುವ ಮೊದಲೇ ಅರ್ಧ ಖಾಲಿ. ಉಪ್ಪು ಸಿಹಿ ಒಟ್ಟಿಗೆ ನಾಲಗೆಗೆ ತಾಕುವ ಆ ಕ್ಷಣಕ್ಕಾಗಿ ಹೆಂಗಸರು ವರ್ಷವಿಡೀ ಕಾಯುತ್ತಿದ್ದರು. ಅದ್ದುವವಳು ಗಿರಗಿಟ್ಲೆ. ಚಾಕೊಲೇಟಿನ ಹದ ಅವಳಿಗೆ ಗೊತ್ತು. ಚಮಚದ ತುದಿಯಿಂದ ಒಂದು ಹನಿ ಕೆಳತುಟಿಗೆ ತಾಗಿಸುವುದು. ಬಿಸಿಯೂ ಅನ್ನಿಸಬಾರದು, ತಣ್ಣಗೂ ಅನ್ನಿಸಬಾರದು. ಆಗ ಹದ. ಬೆರಳು ಕೈಕೊಟ್ಟ ಮೇಲೂ ತುಟಿ ಕೈಬಿಟ್ಟಿರಲಿಲ್ಲ.

ಈ ಸಲ ಮಾಲೀಕರ ಹೆಂಡತಿಗೆ ಈ ಪಾರ್ಟಿಯ ಸುದ್ದಿ ಹೇಗೋ ಮುಟ್ಟಿತು. ‘ಎಷ್ಟು ಚೆಂದ! ನಾನೂ ಬರ್ತೀನಿ’ ಎಂದರಂತೆ. ಒಬ್ಬರು ಬಂದರೆ ಹತ್ತು ಜನ ಬರುತ್ತಾರೆ. ಫೋಟೊದವನು ಬಂದ, ಗೋಡೆಗೆ ಸುಣ್ಣ ಬಂತು, ಸುಣ್ಣದ ಮೇಲೆ ದೊಡ್ಡ ಹಲಗೆ ಬಂತು: ‘ಕೈ ಕೆಸರಾದರೆ ಬಾಯಿ ಮೊಸರು’. ಯಾರ ಕೈ, ಯಾರ ಬಾಯಿ ಎಂದು ಹಲಗೆಯಲ್ಲಿ ಬರೆದಿರಲಿಲ್ಲ.

ಸೀಟಿ ಬೆಳಗಿನಿಂದ ಊದುತ್ತಲೇ ಇದ್ದ.

‘ಒಡೆದ ಮಾಲು ಯಾರಮ್ಮ ಮೇಜಿನ ಮೇಲಿಟ್ಟಿದ್ದು? ಅತಿಥಿಗಳಿಗೆ ಚೂರು ತಿನ್ನಿಸ್ತೀರಾ? ಇಡೀದು ತನ್ನಿ, ಇಡೀದು!’

‘ಸಾರ್, ಇದು ನಮ್ಮ ಪಾರ್ಟಿ ಅಲ್ವಾ?’ ಎಂದಳು ಉಪ್ಪಿನಕ್ಕ.

‘ನಿಮ್ದೇ ತಾಯಿ. ಅದಕ್ಕೇ ಚೆನ್ನಾಗಿ ಕಾಣಲಿ ಅಂತ.’ ಮತ್ತೆ ಗಿರಗಿಟ್ಲೆಯ ಕಡೆ ತಿರುಗಿದ. ‘ನೀನು ತಾನೇ ಅದ್ದೋದು? ನೋಡು, ಗ್ಲೌಸ್ ತೆಗಿ, ಮಾಸ್ಕ್ ಹಾಕು.’

ಅವಳ ಬಲಗೈ ತಾನಾಗಿಯೇ ಬೆನ್ನ ಹಿಂದೆ ಹೋಯಿತು. ‘ಯಾಕೆ ಸಾರ್? ಯಾವಾಗಲೂ ಗ್ಲೌಸಲ್ಲೇ...’

‘ಕೈಯಲ್ಲಿ ಮಾಡಿದ್ದು ಅಂತ ಫೋಟೊದಲ್ಲಿ ಗೊತ್ತಾಗ್ಬೇಕಲ್ಲಮ್ಮ. ಬರೀ ಕೈ ಕಾಣ್ಬೇಕು. ಶುಚಿ ಅಂತಲೂ ಗೊತ್ತಾಗ್ಬೇಕು. ಅದಕ್ಕೆ ಮಾಸ್ಕ್.’

ಕೈ ಕಾಣಬೇಕು, ಬಾಯಿ ಮುಚ್ಚಿರಬೇಕು. ಇದಕ್ಕಿಂತ ಸ್ಪಷ್ಟವಾಗಿ ಯಾವ ಕಾರ್ಖಾನೆಯೂ ತನ್ನ ಮನಸ್ಸನ್ನು ಹೇಳಿಕೊಂಡಿರಲಾರದು.

ಗ್ಲೌಸ್ ಬಿಚ್ಚಿದಳು. ಬೆರಳ ತುದಿಗಳು ಬಿಳಿಚಿ, ಹಳೆಯ ಸುಟ್ಟ ಕಲೆಗಳಿಂದ ಹೊಳೆಯುತ್ತಿದ್ದವು. ಸೊಸೆ ಪಕ್ಕದಲ್ಲೇ ನಿಂತಿದ್ದಳು. ಸೋಮವಾರಕ್ಕೆ ಮೊದಲು ನಾಲ್ಕು ಮುಖ ಪರಿಚಯವಾಗಲಿ ಎಂದು ಅತ್ತೆಯೇ ಕರೆತಂದಿದ್ದಳು. ‘ಅತ್ತೆ, ಇದೇನು ಕಲೆ?’ ಎಂದಳು ಮೆಲ್ಲಗೆ. ‘ಏನಿಲ್ಲ, ಸಕ್ಕರೆ ಕಾಳಿನ ಡಬ್ಬ ತಾ’ ಎಂದು ಅಟ್ಟಿದಳು ಅತ್ತೆ.

ಅತಿಥಿಗಳು ಬರುವುದು ತಡವಾಯಿತು. ಹೊರಗೆ ಮಾತಿನ ಮೇಲೆ ಮಾತು, ಹಾರದ ಮೇಲೆ ಹಾರ. ಬಟ್ಟಲು ಕುದಿನೀರಿನ ಮೇಲೆ ಕೂತೇ ಇತ್ತು. ಗಿರಗಿಟ್ಲೆ ಮೇಜಿನ ಈ ತುದಿಗೆ, ಆ ತುದಿಗೆ ತಿರುಗಿದಳು. ತಟ್ಟೆ ಸರಿಸಿದಳು, ಸರಿಸಿದ್ದನ್ನು ಮತ್ತೆ ಸರಿಸಿದಳು. ಕೊನೆಗೆ ಹಿಂಡು ಬಂತು. ಹದ ನೋಡಬೇಕು. ಚಮಚ ತುಟಿಯವರೆಗೆ ಹೋಯಿತು, ಮಾಸ್ಕಿಗೆ ತಾಗಿ ನಿಂತಿತು. ಕಂದು ಬಣ್ಣದ ಒಂದು ಚುಕ್ಕೆ ಮಾಸ್ಕಿನ ಮೇಲೆ. ಸೀಟಿ ಕಣ್ಣು ಬಿಟ್ಟ. ಎಲ್ಲರೂ ನೋಡುತ್ತಿದ್ದರು. ಅವಳು ಅವಸರದಲ್ಲಿ ತೋರುಬೆರಳನ್ನು ಬಟ್ಟಲಿಗೆ ಅದ್ದಿ ತೆಗೆದಳು. ಬಿಸಿ ಇಲ್ಲ. ಸರಿ ಹಾಗಾದರೆ.

ಸತ್ತ ಬೆರಳನ್ನು ಸಾಕ್ಷಿಗೆ ಕರೆದಿದ್ದಳು. ಗಡಿಬಿಡಿಯಲ್ಲಿ ಅದು ಹೊಳೆಯಲೇ ಇಲ್ಲ.

ಗಂಟಿನ ತಲೆಯನ್ನು ಎರಡು ಬೆರಳಲ್ಲಿ ಹಿಡಿದು ಅದ್ದಿದಳು. ಮಣಿಕಟ್ಟು ತಿರುವಿ, ಬಟ್ಟಲಿನ ಅಂಚಿಗೆ ತಾಗಿಸಿ, ಕಾಗದದ ಮೇಲಿಟ್ಟಳು. ಗಂಟು ನೆಟ್ಟಗೆ ಹಿಡಿತಕ್ಕೆ ಸಿಗದೆ ಬೆರಳೂ ಜೊತೆಗೆ ಮುಳುಗುತ್ತಿತ್ತು. ಚಾಕೊಲೇಟ್ ಯಾಕೋ ನೀರುನೀರಾಗಿ ಸುರಿದುಹೋಗುತ್ತಿದೆ ಎಂದು ಉಪ್ಪಿನಕ್ಕ ಹುಬ್ಬು ಗಂಟಿಕ್ಕಿದಳು. ಫೋಟೊದವನು ಬಗ್ಗಿ, ಎದ್ದು, ಬಗ್ಗಿದ. ‘ಕೈ ಸ್ವಲ್ಪ ಮೇಲೆ ಅಮ್ಮ. ಹಾಂ, ಹಾಗೇ!’

‘ಅಯ್ಯೋ, ನನಗೆ ಕಾಯೋಕಾಗಲ್ಲಪ್ಪ!’ ಮಾಲೀಕರ ಹೆಂಡತಿ ಮಗುವಿನಂತೆ ನಕ್ಕು, ಬೆರಳನ್ನು ಬಟ್ಟಲಿಗೆ ಅದ್ದಿದರು.

ಚೀರಿದ ಸದ್ದಿಗೆ ಕ್ಯಾಂಟೀನಿನ ಹೊರಗಿದ್ದ ಡ್ರೈವರ್ ಕೂಡ ಓಡಿಬಂದ. ನೀರು, ಐಸು, ಕರವಸ್ತ್ರ. ಹತ್ತು ಕೈಗಳು ಒಂದು ಬೆರಳಿನ ಸುತ್ತ. ಗಲಾಟೆ ಸ್ವಲ್ಪ ಇಳಿದ ಮೇಲೆ ಆ ಹೆಂಗಸೇ ಕೇಳಿದರು. ಅವರ ಮಾತಿನಲ್ಲಿ ಕೆಡುಕಿರಲಿಲ್ಲ, ನಿಜವಾದ ಅಚ್ಚರಿಯಿತ್ತು. ‘ಇಷ್ಟು ಸುಡ್ತಿದೆ. ನೀವು ಹೇಗಮ್ಮ ಅಷ್ಟು ಹೊತ್ತಿಂದ ಬರೀ ಕೈಯಲ್ಲಿ...?’

ಎಲ್ಲರ ಕಣ್ಣೂ ಗಿರಗಿಟ್ಲೆಯ ಬೆರಳಿಗೆ ಬಂತು. ಚಾಕೊಲೇಟಿನ ಅಡಿಯಲ್ಲಿ ಚರ್ಮ ಕೆಂಪಾಗಿ ಉಬ್ಬುತ್ತಿತ್ತು.

ಸೀಟಿ ಬುದ್ಧಿವಂತ. ಒಂದು ಕ್ಷಣವೂ ತಡಮಾಡಲಿಲ್ಲ. ‘ಅವಳದು ಕಬ್ಬಿಣದ ಕೈ ಮೇಡಂ! ಅಡುಗೆಮನೆಯಲ್ಲಿ ಪಳಗಿದ್ದು. ರೂಢಿ, ರೂಢಿ. ಅಲ್ವೇನಮ್ಮ?’

ಬಾಗಿಲು ತೆರೆದೇ ಇತ್ತು. ‘ಹೂಂ’ ಎಂದರೆ ಸಾಕು. ಅವಳು ತಲೆಯಾಡಿಸಿದಳು. ನಗು ಎದ್ದಿತು, ಯಾರೋ ಚಪ್ಪಾಳೆ ತಟ್ಟಿದರು. ಜಾಗ ಉಳಿಯಿತು; ಸೊಸೆಯ ಜಾಗವೂ ಉಳಿಯಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಅಲ್ಲಿಗೆ ನಿಲ್ಲಿಸಿದ್ದರೆ ಸೀಟಿ ಗೆದ್ದಿದ್ದ. ಆದರೆ ಊದಿ ಅಭ್ಯಾಸವಾದ ಬಾಯಿ ಸುಮ್ಮನಿರುವುದೆಲ್ಲಿ? ಸೊಸೆಯನ್ನು ಭುಜ ಹಿಡಿದು ಮುಂದಕ್ಕೆ ತಂದ. ‘ಇವಳು ಅವಳ ಸೊಸೆ ಮೇಡಂ, ಸೋಮವಾರದಿಂದ ನಮ್ಮಲ್ಲಿ ಸೇರ್ತಾಳೆ. ಹತ್ತು ವರ್ಷ ಬಿಟ್ಟು ನೋಡಿ, ಇವಳ ಕೈಯನ್ನೂ ಹೀಗೇ ಪಳಗಿಸ್ತೀವಿ! ಎಲ್ಲಿ, ಇಬ್ಬರ ಕೈದೂ ಒಂದು ಫೋಟೊ ತಗೊಳ್ಳಪ್ಪ.’

ಹುಡುಗಿ ನಾಚಿ ನಕ್ಕು ಕೈ ಚಾಚಿದಳು. ಅತ್ತೆಯ ಕೈಯ ಪಕ್ಕಕ್ಕೆ ಬಂತು ಆ ಕೈ. ಫೋಟೊದವನು ಬಗ್ಗಿದ.

‘ಬೇಡ’ ಎಂದಳು ಗಿರಗಿಟ್ಲೆ. ಮಾಸ್ಕಿನೊಳಗಿಂದ ಯಾರಿಗೂ ಕೇಳಿಸಲಿಲ್ಲ. ಅದನ್ನು ಗಲ್ಲದ ಕೆಳಕ್ಕೆ ಎಳೆದಳು. ‘ಬೇಡ ಅಂದೆ. ರೂಢಿ ಅಲ್ಲ ಸಾರ್ ಇದು. ಈ ಎರಡು ಬೆರಳು ಸತ್ತಿವೆ. ಸುಟ್ರೂ ಗೊತ್ತಾಗಲ್ಲ, ಕೊಯ್ದ್ರೂ ಗೊತ್ತಾಗಲ್ಲ. ನಿಮ್ಮ ಬೆಲ್ಟಿನ ಮೇಲೆ ಚಿವುಟಿ ಚಿವುಟಿ ಸತ್ತಿದ್ದು. ನಂಗೆ ಗಡಿಯಾರ ಕೊಡಿ, ಬೇಕಾದ್ರೆ ಎರಡು ಕೊಡಿ. ಈ ಹುಡುಗಿ ಕೈನ ಪಳಗಿಸ್ತೀನಿ ಅಂತ ಮಾತ್ರ ಅನ್ಬೇಡಿ.’

ಮಾಲೀಕರ ಹೆಂಡತಿ ತಮ್ಮ ಬೆರಳನ್ನು ನೋಡಿಕೊಂಡರು, ಅವಳ ಬೆರಳನ್ನು ನೋಡಿದರು. ಏನೋ ಹೇಳಲು ಬಾಯಿ ತೆರೆದರು. ಸೀಟಿ ನಡುವೆ ಬಂದು, ‘ಸೋಮವಾರ ಮಾತಾಡೋಣಮ್ಮ, ಸೋಮವಾರ’ ಎಂದು ಅತಿಥಿಗಳನ್ನು ಬಾಗಿಲ ಕಡೆ ತಿರುಗಿಸಿದ. ಅವರು ಎರಡು ಸಲ ಹಿಂತಿರುಗಿ ನೋಡುತ್ತಲೇ ಹೋದರು. ಅಂಥವರ ಮರುಕ ಕಾರಿನ ಬಾಗಿಲು ಮುಚ್ಚುವವರೆಗೆ ಬಾಳುತ್ತದೋ, ಆಚೆಗೂ ಬಾಳುತ್ತದೋ, ಹೇಳುವುದು ಕಷ್ಟ.

ಸೊಸೆ ಅತ್ತೆಯ ಮಣಿಕಟ್ಟು ಹಿಡಿದು ನಲ್ಲಿಯ ಹತ್ತಿರ ಎಳೆದೊಯ್ದಳು.

‘ಬಿಡೇ, ಬಟ್ಟಲು ಇಳಿಸ್ಬೇಕು. ಪೂರ್ತಿ ಕೆಟ್ಟುಹೋಗುತ್ತೆ ಅದು.’

‘ಕೆಡಲಿ. ನಿಲ್ಲಿ ಅತ್ತೆ, ಒಂದು ನಿಮಿಷ ನೆಟ್ಟಗೆ ನಿಲ್ಲಿ!’ ಹುಡುಗಿ ಮಣಿಕಟ್ಟಿನ ಹಿಡಿತ ಬಿಗಿ ಮಾಡಿದಳು. ‘ನಂಗೆ ಯಾಕೆ ಹೇಳಲಿಲ್ಲ?’

‘ಹೇಳಿದ್ರೆ ನೀನು ಕೆಲಸಕ್ಕೆ ಬರ್ತಿರಲಿಲ್ಲ.’

ಸೊಸೆ ನಲ್ಲಿ ತಿರುವಿದಳು. ಚಾಕೊಲೇಟ್ ಕರಗಿ ಕಂದು ನೀರಾಗಿ ಹರಿಯಿತು.

‘ತಣ್ಣಗಿದೆಯಾ ಅತ್ತೆ?’

‘ಮೂರು ಬೆರಳಿಗೆ ತಣ್ಣಗಿದೆ.’

ಹಿಂದೆ ಹೆಜ್ಜೆಯ ಸದ್ದು. ಉಪ್ಪಿನಕ್ಕ ಬಂದು ನಿಂತಿದ್ದಳು. ಒಂದು ಕಂಕುಳಲ್ಲಿ ಒಡೆದ ಗಂಟುಗಳ ಟಬ್ಬು. ಅದನ್ನು ನೆಲಕ್ಕಿಟ್ಟು, ಹಲ್ಲಿನಿಂದ ಕಚ್ಚಿ ಬಲಗೈಯ ಗ್ಲೌಸನ್ನು ಎಳೆದು ತೆಗೆದಳು.

‘ಸರ್ಕೊಳ್ರೇ, ಜಾಗ ಬಿಡಿ’ ಎಂದಳು. ‘ನನ್ನವೆಷ್ಟು ಬೆರಳು ಉಳಿದಿವೆ, ನೋಡೋಣ.’