ಮೇಜಿನ ಮೇಲೆ ಕುಟ್ಟಿದ ನಕ್ಷತ್ರ

ಅಣಕಿಸುವುದರಲ್ಲಿ ನಾನು ಯಾರನ್ನೂ ಬಿಟ್ಟವನಲ್ಲ. ಜೋಗುಪಾಳ್ಯದ ನಲ್ಲಿ ಜಗಳ, ಶಿವಾಜಿನಗರದ ಕಂಡಕ್ಟರನ ಕೂಗು, ಕನ್ನಡಿಯ ಮುಂದೆ ನನ್ನದೇ ತೊದಲು ಇಂಗ್ಲಿಷು. ತೊಂಬತ್ತರ ದಶಕದ ಕೊನೆಗೆ, ಉಪಗ್ರಹ ಕಳಿಸಿದ ಅಂಕಿಗಳನ್ನು ಗ್ರಾಫ್ ಮಾಡುವ ಕೆಲಸಕ್ಕೆ ಸೇರಿದ ಮೇಲೆ ಬಾಸ್ ಕೆಮ್ಮೂ ಪಟ್ಟಿಗೆ ಸೇರಿತು.

ನಮ್ಮ ಉಪಗ್ರಹದ ಮುಖ್ಯ ಕೆಲಸ ನೆಲದ ಚಿತ್ರ ತೆಗೆಯುವುದು; ಅದು ಕ್ಯಾಮೆರಾದವರ ಪಾಲು. ನಡುವೆ ಕೆಲವೇ ದಿನ ಅದನ್ನು ಆಕಾಶದತ್ತ ತಿರುಗಿಸಿ, ಎಕ್ಸ್-ರೇ ಸೂಸುವ ನಕ್ಷತ್ರಗಳನ್ನು ನೋಡಲು ನಮಗೆ ಬಿಡುತ್ತಿದ್ದರು. ಆ ಸಲ ಸಿಕ್ಕಿದ್ದು ನೆಂಟನಂಥ ನಕ್ಷತ್ರ: ವರ್ಷಗಟ್ಟಲೆ ಪತ್ತೆಯಿಲ್ಲ, ಒಮ್ಮೆಲೇ ಉರಿಯುತ್ತದೆ, ಕೆಲವು ವಾರಗಳಲ್ಲಿ ಆರಿಹೋಗುತ್ತದೆ. ಗ್ರಾಫಿನಲ್ಲಿ ಒಂದು ಮಿಡಿತವಿತ್ತು. ಬಾಸ್ ನಂಬಲಿಲ್ಲ.

"ನಕ್ಷತ್ರ ಅಲ್ಲ ಮೇಡಂ, ನಮ್ ಯಂತ್ರದ್ದೇ ಗೊರಕೆ. ನಾಳೆಯಿಂದ ಕ್ಯಾಮೆರಾದವ್ರಿಗೆ ಬಿಟ್ಕೊಡಿ."

ಆ ನಕ್ಷತ್ರದ ಬೆನ್ನು ಹತ್ತಿದ್ದ ನಮ್ಮ ವಿಜ್ಞಾನಿ, ಧಾರವಾಡದ ಕಡೆಯ ಮೇಡಂ, ಬಿಡುವವರಲ್ಲ. "ಮಧ್ಯಾಹ್ನದ ಡೇಟಾ ಬರ್ಲಿ ತಡೀರಿ ಸರ. ಉಪಗ್ರಹ ಬಾಜೂಕಿನ ಖಾಲಿ ಆಕಾಶ ನೋಡ್ಕೊಂಡು, ಮತ್ತ ನಕ್ಷತ್ರದ ಕಡೆ ತಿರಗೇದ. ಗೊರಕಿ ಇದ್ರ ಖಾಲಿ ಕಡೀನೂ ಕೇಳ್ಬೇಕಲ್ರಿ?"

ನಮ್ಮ ಮುಂದಿನ ಸರದಿಯ ಹೊತ್ತಿಗೆ ನಕ್ಷತ್ರ ಆರಿರುತ್ತದೆ. ಮೇಡಂ ಊಟದ ಡಬ್ಬಿ ತೆರೆಯಲೇ ಇಲ್ಲ. ನಗಿಸೋಣವೆಂದು ಬಾಸ್ ಥರ ಕೆಮ್ಮಿದೆ.

"ಅವರನ್ನ ಬಿಡೋ," ಎಂದರು ಮೇಡಂ. " ತಾಕತ್ತಿದ್ರ ಆ ನಕ್ಷತ್ರದ ಅಣಕ ಮಾಡಿ ತೋರಿಸು."

ಡೇಟಾ ಬಂತು. ಬಾಸ್ ಬಂದು ಹಿಂದೆ ನಿಂತರು. ಗ್ರಾಫಿನ ಉಬ್ಬು ಬಂದಲ್ಲೆಲ್ಲ ಪೆನ್ನಿನಿಂದ ಮೇಜು ಕುಟ್ಟುವುದೆಂದು ಶುರುಮಾಡಿದೆ. ಮೊದಲು ಖಾಲಿ ಆಕಾಶ. ಪೆನ್ನು ಗಾಳಿಯಲ್ಲೇ ನಿಂತಿತು. ಆಮೇಲೆ ಉಪಗ್ರಹ ನಮ್ಮ ನೆಂಟನತ್ತ ತಿರುಗಿದ ಜಾಗ.

ಟಕ್. ಎರಡು ಉಸಿರು. ಟಕ್. ಮತ್ತೆರಡು ಉಸಿರು. ಟಕ್.

ಬೆಂಗಳೂರಿಗಿಂತ ದೊಡ್ಡದಲ್ಲದ, ಸೂರ್ಯನಿಗಿಂತ ಭಾರದ ಒಂದು ಉಂಡೆ ತಿರುಗುತ್ತಿತ್ತು, ಸುತ್ತಿಗೊಂದು ಟಕ್ಕು. ಈ ಟಕ್ಕು ಅಲ್ಲಿಂದ ಹೊರಟಾಗ ಹಲಸೂರು ಕೆರೆಯೂ ಇರಲಿಲ್ಲ, ಹಲಸೂರೂ ಇರಲಿಲ್ಲ. ಬೇರೆಯವರನ್ನು ಅಣಕಿಸುವಾಗ ಉಪ್ಪುಖಾರ ಸೇರಿಸುತ್ತೇನೆ. ಇದಕ್ಕೆ ಏನು ಸೇರಿಸಲಿ?

"ಇನ್ನೊಂದ್ಸಲ ಕುಟ್ಟೋ," ಎಂದರು ಬಾಸ್. ಕುಟ್ಟಿದೆ. ಅವರು ಫೋನೆತ್ತಿ ಕ್ಯಾಮೆರಾದವರಿಗೆ, "ಇನ್ನೊಂದು ವಾರ ಕೊಡಿ ಸ್ವಾಮಿ, ಬೇಡ್ಕೋತೀನಿ," ಎಂದರು. ಕೊಟ್ಟರು. ಮೇಡಂ ಆಗ ಡಬ್ಬಿ ತೆರೆದು, ಅರ್ಧ ರೊಟ್ಟಿ ನನ್ನ ಕಡೆ ತಳ್ಳಿದರು.

ಸಂಜೆ ಬಸ್ಸಿನಲ್ಲಿ ನನಗೇ ಗೊತ್ತಿಲ್ಲದೆ ಕಂಬಿ ಕುಟ್ಟುತ್ತಿದ್ದೆನಂತೆ. ಮರ್ಫಿ ಟೌನ್ ಹತ್ತಿರ ಕಂಡಕ್ಟರ್ ರೇಗಿದ: "ಏನ್ ಗುರು, ಇಳೀತೀಯಾ, ಇಲ್ಲ ಸುಮ್ನೆ ಬಡೀತೀಯಾ?"

ಬೇರೆ ದಿನವಾಗಿದ್ದರೆ ಅವನದೇ ದನಿಯಲ್ಲಿ ತಿರುಗಿಸಿ ಕೊಡುತ್ತಿದ್ದೆ. ಇಳಿದು, ಜೋಗುಪಾಳ್ಯದ ಮನೆಯವರೆಗೂ ಆಕಾಶದತ್ತ ತಲೆಯೆತ್ತಿಕೊಂಡೇ ನಡೆದೆ.